ವಿಷದ ಬಾಟಲಿಗೂ ಒಂದು ಲೇಬಲ್ ಇತ್ತು!

(ಬೆಂಗಳೂರಿನ ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ. ಅವರ ಮಾತನ್ನು ಹೆಚ್ಚು ತಿದ್ದದೆ ಅಚ್ಚು ಹಾಕಿದ್ದೇವೆ.)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಭಾಷಣ ಮಾಡುವವರಿಗೆ ಕರಪತ್ರ ಅಚ್ಚು ಹಾಕಿಕೊಡುವುದು ನನ್ನ ಕೆಲಸ. ಓದಿದ್ದು ಪಿಯುಸಿ. ಅಪ್ಪನ ಟ್ರೆಡಲ್ ಮೆಷಿನ್ನಿನ ಮುಂದೆ ನಿಂತವನು ಇವತ್ತು ಆಫ್‌ಸೆಟ್ ಮೆಷಿನ್ನಿನ ಮುಂದೆ ನಿಂತಿದ್ದೇನೆ, ಅಷ್ಟೇ ವ್ಯತ್ಯಾಸ.

ಕಲಬೆರಕೆ ಔಷಧದ ಬಗ್ಗೆ ಮಾತಾಡಬೇಕು ಅಂದಾಗ, "ನಾನೇನು ಡಾಕ್ಟರಾ?" ಎಂದೆ. ರಾತ್ರಿ ಮನೆಗೆ ಹೋಗಿ ಯೋಚಿಸಿದೆ. ಬಾಟಲಿಯ ಒಳಗೆ ಏನಿದೆ ಅನ್ನುವುದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಮಾರುವ ಅಂಗಡಿಯವನಿಗೂ ಗೊತ್ತಿಲ್ಲ. ಹೆಚ್ಚಿನ ಸಲ ಬರೆದುಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ನಾವೆಲ್ಲ ನಂಬುವುದು ಬಾಟಲಿಯ ಮೇಲೆ ಅಂಟಿಸಿರುವ ಒಂದು ಕಾಗದವನ್ನು. ಆ ಕಾಗದ ನನ್ನ ಕಸುಬು! ಆದ್ದರಿಂದ ಇವತ್ತು ಆ ಕಾಗದದ ಬಗ್ಗೆ ಮಾತಾಡುತ್ತೇನೆ. ಕೊನೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ನೂರಕ್ಕೆ ನಲವತ್ತೆಂಟು ಭಾಗ ವಿಷ

2025ರ ಸೆಪ್ಟೆಂಬರ್, ಅಕ್ಟೋಬರ್ ನೆನಪಿದೆಯೇ? ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆ. ಪುಟ್ಟ ಪುಟ್ಟ ಮಕ್ಕಳು. ಬಂದದ್ದು ಸಾಮಾನ್ಯ ಜ್ವರ, ನೆಗಡಿ, ಕೆಮ್ಮು. ತಂದೆತಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬರೆದುಕೊಟ್ಟ ಸಿರಪ್ ತಂದು ಚಮಚದಲ್ಲಿ ಕುಡಿಸಿದರು. ಕೆಲವು ದಿನಕ್ಕೆ ಮಕ್ಕಳಿಗೆ ವಾಂತಿ ಶುರುವಾಯಿತು, ಮೂತ್ರ ನಿಂತುಹೋಯಿತು. ಕಿಡ್ನಿ ಕೆಟ್ಟಿತ್ತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು!

ಆ ಸಿರಪ್‌ನ ಹೆಸರು ಕೋಲ್ಡ್‌ರಿಫ್. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಫಾರ್ಮಾ ಕಂಪನಿಯದು. ಪರೀಕ್ಷೆ ಮಾಡಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎನ್ನುವ ವಿಷ ಸಿಕ್ಕಿತು. ಎಷ್ಟು? ಶೇಕಡಾ 48.6. ಶೇಕಡಾ 0.1ಕ್ಕಿಂತ ಹೆಚ್ಚು ಇರಬಾರದು ಎನ್ನುವುದು ನಿಯಮ. ಅಂದರೆ ಬಾಟಲಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿಷವೇ!

ಈಗ ಲೇಬಲ್ ನೋಡಿ. ಬ್ಯಾಚ್ ನಂಬರು ಎಸ್‌ಆರ್-13. ತಯಾರಾದದ್ದು ಮೇ 2025. ಅವಧಿ ಮುಗಿಯುವುದು ಏಪ್ರಿಲ್ 2027. ಕಂಪನಿ ಹೆಸರಿದೆ, ಬೆಲೆ ಇದೆ. ಎಲ್ಲವೂ ಅಚ್ಚುಕಟ್ಟು! ಆ ಕಾಗದವನ್ನು ನೋಡಿ ಯಾವ ತಾಯಿಗಾದರೂ ಅನುಮಾನ ಬರಲು ಸಾಧ್ಯವೇ?

ತಮಿಳುನಾಡಿನ ಅಧಿಕಾರಿಗಳು ಆ ಕಾರ್ಖಾನೆಗೆ ಹೋಗಿ 364 ನಿಯಮಭಂಗ ಪಟ್ಟಿ ಮಾಡಿದರು. ಮಧ್ಯಪ್ರದೇಶದ ಪೊಲೀಸರು ಮಾಲೀಕನನ್ನು ಬಂಧಿಸಿದರು, ತಮಿಳುನಾಡು ಲೈಸೆನ್ಸ್ ರದ್ದು ಮಾಡಿತು. ಒಳ್ಳೆಯದೇ. ಆದರೆ ಗೆಳೆಯರೇ, 364 ತಪ್ಪು ಒಂದು ರಾತ್ರಿಯಲ್ಲಿ ಹುಟ್ಟುತ್ತವೆಯೇ? ಅವು ವರ್ಷಗಟ್ಟಲೆ ಅಲ್ಲೇ ಇದ್ದವು. ನೋಡುವ ಕಣ್ಣು ಇರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಈ ವಿಷ ಎಲ್ಲಿಂದ ಬರುತ್ತದೆ?

ಸಿರಪ್ ಅಂದರೆ ಬರೀ ಔಷಧ ಅಲ್ಲ. ಔಷಧವನ್ನು ಕರಗಿಸಲು, ಗಟ್ಟಿ ದ್ರವವಾಗಿ ಇಡಲು ಒಂದು ಮೂಲವಸ್ತು ಬೇಕು. ಅದಕ್ಕೆ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಔಷಧಕ್ಕೆಂದೇ ಶುದ್ಧ ಮಾಡಿದ ಸರಕು ಬೇರೆ, ಕಾರ್ಖಾನೆ ಬಳಕೆಗೆ ಬರುವ ಸರಕು ಬೇರೆ. ಮೊದಲನೆಯದು ದುಬಾರಿ, ಎರಡನೆಯದು ಅಗ್ಗ. ಈ ಡೈಎಥಿಲೀನ್ ಗ್ಲೈಕಾಲ್ ಇನ್ನೂ ಅಗ್ಗ. ನೋಡಲು ಗ್ಲಿಸರಿನ್ ಥರವೇ. ಬಣ್ಣವಿಲ್ಲ, ಮಂದವಾಗಿರುತ್ತದೆ, ರುಚಿ ಸಿಹಿ. ಮಕ್ಕಳು ಚಪ್ಪರಿಸಿ ಕುಡಿಯುತ್ತವೆ!

ಇದನ್ನು ಬ್ರೇಕ್ ಆಯಿಲ್‌ಗೆ ಬಳಸುತ್ತಾರೆ. ಅಚ್ಚು ಹಾಕುವ ಶಾಯಿಗೂ ಬಳಸುತ್ತಾರೆ. ಹೌದು, ನನ್ನ ಕಸುಬಿನ ಸಾಮಾನು! ಶಾಯಿ ಮುಟ್ಟಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು ಊಟಕ್ಕೆ ಕೂರುವವನು ನಾನು. ಅಂಥ ಸಾಮಾನು ಮಗುವಿನ ಹೊಟ್ಟೆಗೆ ಹೋಗಿದೆ ಅಂದರೆ ನನಗೆ ಹೇಗಾಗಿರಬೇಡ?

ಡ್ರಮ್ ಬಂದ ಕೂಡಲೇ ಪರೀಕ್ಷೆ ಮಾಡಿದರೆ ಈ ವಿಷ ಸಿಕ್ಕಿಬೀಳುತ್ತದೆ. ಪರೀಕ್ಷೆ ಹೊಸದೇನಲ್ಲ, ಅದನ್ನು ಮಾಡಲೇಬೇಕೆಂಬ ನಿಯಮವೂ ಇದೆ. ಮಾಡುವುದಿಲ್ಲ. ಡ್ರಮ್ಮಿನ ಮೇಲಿನ ಕಾಗದವನ್ನು ನಂಬುತ್ತಾರೆ. ನಾವು ಬಾಟಲಿಯ ಕಾಗದ ನಂಬುತ್ತೇವೆ, ಕಂಪನಿ ಡ್ರಮ್ಮಿನ ಕಾಗದ ನಂಬುತ್ತದೆ. ಎಲ್ಲರೂ ಕಾಗದವನ್ನೇ ನಂಬಿದರೆ ಒಳಗೆ ನೋಡುವವರು ಯಾರು?

ಹಳೆಯ ಕಥೆ, ಅದೇ ಸಾವು

ಇದು ನಿನ್ನೆ ಮೊನ್ನೆಯದಲ್ಲ. 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾ ಔಷಧವನ್ನು ಇದೇ ವಿಷದಲ್ಲಿ ಕರಗಿಸಿ, ಹಣ್ಣಿನ ರುಚಿ ಸೇರಿಸಿ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಅಲ್ಲಿಯ ಕಾನೂನಿನಲ್ಲಿ ಔಷಧ ಸುರಕ್ಷಿತವೋ ಅಲ್ಲವೋ ಎಂದು ಮೊದಲೇ ಪರೀಕ್ಷಿಸಬೇಕು ಅನ್ನುವ ಮಾತೇ ಇರಲಿಲ್ಲ. ಹಾಗಾದರೆ ಕೇಸು ಹಾಕಿದ್ದು ಯಾವುದರ ಮೇಲೆ ಗೊತ್ತೇ? ಲೇಬಲ್ಲಿನ ಮೇಲಿದ್ದ ಒಂದು ಪದದ ಮೇಲೆ! "ಎಲಿಕ್ಸಿರ್" ಎಂದು ಅಚ್ಚಾಗಿತ್ತು. ಎಲಿಕ್ಸಿರ್ ಅಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಲೇಬಲ್ ಸುಳ್ಳು ಎಂದು ದಂಡ ಹಾಕಿದರು. ನೂರು ಜನರ ಸಾವಿಗೆ ಶಿಕ್ಷೆಯಿಲ್ಲ, ಒಂದು ಪದಕ್ಕೆ ಶಿಕ್ಷೆ! ಮರುವರ್ಷ, 1938ರಲ್ಲಿ, ಅವರು ಹೊಸ ಕಾನೂನು ತಂದರು.

ನಮ್ಮ ದೇಶಕ್ಕೆ ಬನ್ನಿ. 1972ರಲ್ಲಿ ಮದರಾಸಿನಲ್ಲಿ 14 ಮಕ್ಕಳು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ಕಲಬೆರಕೆ ಗ್ಲಿಸರಿನ್ನಿನಿಂದ 14 ರೋಗಿಗಳು. ನ್ಯಾಯಮೂರ್ತಿ ಲೆಂಟಿನ್ ವಿಚಾರಣಾ ಆಯೋಗ ಕೂತಿತು, ವರದಿ ಬಂತು. 1998ರಲ್ಲಿ ದೆಹಲಿ ಸುತ್ತಮುತ್ತ 33 ಮಕ್ಕಳು. 2019-20ರಲ್ಲಿ ಜಮ್ಮುವಿನ ರಾಮನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. ಎಲ್ಲ ಕಡೆ ಅದೇ ವಿಷ, ಅದೇ ಕಿಡ್ನಿ.

2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ಎಂಬ ಚಿಕ್ಕ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತರು. ವಿಶ್ವ ಆರೋಗ್ಯ ಸಂಸ್ಥೆ ಬೆರಳು ತೋರಿಸಿದ್ದು ಹರಿಯಾಣದ ಕಂಪನಿಯೊಂದರ ನಾಲ್ಕು ಸಿರಪ್‌ಗಳ ಕಡೆಗೆ. ಇಲ್ಲಿ ಪರೀಕ್ಷೆ ಮಾಡಿದ ನಮ್ಮ ಸರಕಾರ ಸರಿಯಾಗಿಯೇ ಇದೆ ಎಂದಿತು. ಅದೇ ವರ್ಷ ಉಜ್ಬೇಕಿಸ್ತಾನದಿಂದ ಸುದ್ದಿ ಬಂತು. ಅಲ್ಲಿಗೆ ಹೋದ ಸಿರಪ್ ನೋಯಿಡಾದ ಕಂಪನಿಯದು. 2024ರಲ್ಲಿ ಅಲ್ಲಿಯ ನ್ಯಾಯಾಲಯ 68 ಮಕ್ಕಳ ಸಾವಿಗೆ 23 ಜನರಿಗೆ ಶಿಕ್ಷೆ ಕೊಟ್ಟಿತು.

ಇದಾದ ಮೇಲೆ, 2023ರ ಜೂನ್‌ನಿಂದ, ವಿದೇಶಕ್ಕೆ ಹೋಗುವ ಕೆಮ್ಮಿನ ಸಿರಪ್‌ಗೆ ಸರಕಾರಿ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಗಮನಿಸಿ, ವಿದೇಶಕ್ಕೆ ಹೋಗುವ ಸಿರಪ್‌ಗೆ! ಛಿಂದ್ವಾಡಾದ ಮಗು ವಿದೇಶದ್ದಲ್ಲವಲ್ಲ. ಅದಕ್ಕೆ ಆ ಭಾಗ್ಯ ಸಿಗಲಿಲ್ಲ.

ಬಳ್ಳಾರಿಯನ್ನು ಮರೆಯಬೇಡಿ

ಇದೆಲ್ಲ ದೂರದ ಕಥೆ ಅಂದುಕೊಂಡಿರಾ? 2024ರ ನವೆಂಬರ್, ನಮ್ಮ ಬಳ್ಳಾರಿ. ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ, ನಾವು ಡ್ರಿಪ್ ಅಂತೀವಲ್ಲ, ಅದರ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯ ಸರಕು. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ಸರಿಯಿಲ್ಲ ಎಂದಿತ್ತು. ಅದರಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ಎರಡು ಕಾಗದ, ಎರಡು ಮಾತು! ನಡುವೆ ಐದು ಜೀವ.

ಆಮೇಲೆ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿದರು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ತಾಯಿಯ ಹಾಲಿಲ್ಲದೆ ಉಳಿದ ಕೂಸುಗಳಿಗೆ ಅದರಿಂದ ಏನು ಬಂತು?

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಅದು ತಮಿಳುನಾಡಿನ ಕಂಪನಿ, ಇದು ಬಂಗಾಳದ್ದು ಅಂತ ಆ ರಾಜ್ಯದ ಜನರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ವಿಷಕ್ಕೆ ರಾಜ್ಯವಿಲ್ಲ, ದುರಾಸೆಗೆ ಭಾಷೆಯಿಲ್ಲ. ಛಿಂದ್ವಾಡಾದ ಸಿರಪ್‌ನಲ್ಲಿದ್ದ ವಿಷದ ಪ್ರಮಾಣವನ್ನು ಒಂದೇ ದಿನದಲ್ಲಿ ಪತ್ತೆ ಮಾಡಿದ್ದೂ ತಮಿಳುನಾಡಿನ ಪ್ರಯೋಗಾಲಯವೇ.

ನನ್ನ ತಪ್ಪು

ಈಗ ನನ್ನ ಕಥೆ.

ಹದಿನೈದು ವರ್ಷದ ಹಿಂದಿನ ಮಾತು. ಆಷಾಢ ಮಾಸ. ಪ್ರೆಸ್ ಇಟ್ಟವರಿಗೆ ಆಷಾಢ ಅಂದರೆ ಏನೆಂದು ಗೊತ್ತು. ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ. ಮೆಷಿನ್ ಮೇಲೆ ಹೊದಿಕೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಅಂಥ ಒಂದು ಮಧ್ಯಾಹ್ನ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಒಂದು ಕೆಮ್ಮಿನ ಔಷಧದ ಲೇಬಲ್. ಬಾಟಲಿಯಿಂದ ಬಿಡಿಸಿ ತಂದದ್ದು, ಮೂಲೆಯಲ್ಲಿ ಸ್ವಲ್ಪ ಹರಿದಿತ್ತು. "ಇದೇ ಥರ ಐದು ಸಾವಿರ ಬೇಕು. ಬ್ಯಾಚ್ ನಂಬರು, ತಾರೀಖು ಎಲ್ಲ ಹೀಗೇ ಇರಲಿ" ಎಂದ. ಮುಂಗಡ ಕೊಟ್ಟ. ನಗದು.

ನಾನು ಕೇಳಬೇಕಿತ್ತು. ಕಂಪನಿಯ ಆರ್ಡರ್ ಪತ್ರ ಎಲ್ಲಿ? ಲೈಸೆನ್ಸ್ ಪ್ರತಿ ಎಲ್ಲಿ? ನಿನ್ನದೇ ಲೇಬಲ್ ಆದರೆ ಅದರ ಡಿಸೈನ್ ನಿನ್ನ ಹತ್ತಿರ ಯಾಕಿಲ್ಲ? ಯಾವುದನ್ನೂ ಕೇಳಲಿಲ್ಲ. ಕೇಳಿದರೆ ಗಿರಾಕಿ ಪಕ್ಕದ ಪ್ರೆಸ್ಸಿಗೆ ಹೋಗುತ್ತಾನೆ ಅನ್ನುವ ಭಯ. ಅಚ್ಚು ಹಾಕಿಕೊಟ್ಟೆ. ಬಿಲ್ಲೂ ಹರಿಯಲಿಲ್ಲ.

ಮೂರು ತಿಂಗಳು ಬಿಟ್ಟು ಮತ್ತೆ ಬಂದ. "ಅದೇ ಲೇಬಲ್ ಇನ್ನೊಂದು ಐದು ಸಾವಿರ. ಎಕ್ಸ್‌ಪೈರಿ ವರ್ಷ ಮಾತ್ರ ಎರಡು ವರ್ಷ ಮುಂದೆ ಹಾಕಿ" ಎಂದ. ನಾನು ಆಯಿತು ಎಂದು ತಲೆಯಾಡಿಸಿ ಡಿಟಿಪಿ ಮಾಡುವ ಹುಡುಗಿಗೆ ಕೊಟ್ಟೆ. ಎಸ್ಸೆಸ್ಸೆಲ್ಸಿ ಓದಿದ ಹುಡುಗಿ. ಅವಳು ಕಂಪ್ಯೂಟರ್ ಮುಂದೆ ಕೂತವಳು ಎದ್ದು ಬಂದು ಮೆಲ್ಲಗೆ ಕೇಳಿದಳು: "ಅಣ್ಣ, ಬ್ಯಾಚ್ ನಂಬರು ಅದೇ, ತಯಾರಾದ ತಾರೀಖೂ ಅದೇ. ಔಷಧ ಮಾತ್ರ ಎರಡು ವರ್ಷ ಜಾಸ್ತಿ ಬಾಳಿಕೆ ಬರೋದು ಹೇಗಣ್ಣ?"

ಗೆಳೆಯರೇ, ಪ್ರೂಫ್ ನೋಡಿ ನೋಡಿ ಬೆಳೆದವನು ನಾನು. ಒಂದು ಕೊಂಬು, ಒಂದು ದೀರ್ಘ ಬಿಟ್ಟರೆ ಹಿಡಿಯುವ ಕಣ್ಣು ನನ್ನದು ಎಂದು ಜಂಬ ಪಡುತ್ತಿದ್ದೆ. ಆ ಕಣ್ಣಿಗೆ ಇದು ಕಾಣಲಿಲ್ಲ. ಕಾಣಲಿಲ್ಲವೋ, ನೋಡಲಿಲ್ಲವೋ? ದೇವರಾಣೆ, ಇವತ್ತಿಗೂ ನನಗೆ ಉತ್ತರ ಗೊತ್ತಿಲ್ಲ.

ಅವನಿಗೆ ಆಗುವುದಿಲ್ಲ ಎಂದೆ. ಅವನು ನಕ್ಕ. "ನೀವಲ್ಲದಿದ್ದರೆ ಇನ್ನೊಬ್ಬರು" ಎಂದು ಹೊರಟುಹೋದ. ನಾನು ಪೊಲೀಸರಿಗೂ ಹೇಳಲಿಲ್ಲ, ಡ್ರಗ್ ಇನ್‌ಸ್ಪೆಕ್ಟರಿಗೂ ಹೇಳಲಿಲ್ಲ. ನನ್ನ ಹೆಸರೂ ಬರುತ್ತದೆ ಅಂತ ಸುಮ್ಮನಾದೆ. ಬೇರೆಯವರ ಗುರುತಿನ ಲೇಬಲ್ ಅಚ್ಚು ಹಾಕುವುದು ಇರಲಿ, ಅದಕ್ಕೆಂದು ಪ್ಲೇಟು, ಬ್ಲಾಕು ಮಾಡಿಟ್ಟುಕೊಂಡರೂ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಜೈಲು ಶಿಕ್ಷೆ ಇದೆ ಎಂದು ಆಮೇಲೆ ತಿಳಿಯಿತು.

ಮೊದಲ ಆ ಐದು ಸಾವಿರ ಲೇಬಲ್ ಯಾವ ಬಾಟಲಿಗೆ ಅಂಟಿದವು? ಆ ಬಾಟಲಿಯಲ್ಲಿ ಏನಿತ್ತು? ಬರೀ ಸಕ್ಕರೆ ನೀರೋ, ಅವಧಿ ಮುಗಿದ ಔಷಧವೋ, ಇನ್ನೇನೋ? ಯಾರ ಮನೆಯ ಮಗು ಕುಡಿಯಿತು? ಗೊತ್ತಿಲ್ಲ. ಯಾವತ್ತೂ ಗೊತ್ತಾಗುವುದಿಲ್ಲ. ಛಿಂದ್ವಾಡಾದ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಓದಿದವನೊಬ್ಬ, ಉಳಿದವರು ಎಷ್ಟೋ

ಅಕ್ಷರ ಕೊಲ್ಲುತ್ತದೆ, ಅಕ್ಷರ ಕಾಯುತ್ತದೆ. ಎರಡನ್ನೂ ಒಂದೇ ದೇಶದಲ್ಲಿ ತೋರಿಸುತ್ತೇನೆ. ಪನಾಮಾ.

2006ರಲ್ಲಿ ಅಲ್ಲಿಯ ಸರಕಾರಿ ಸಂಸ್ಥೆಯೇ ತಯಾರಿಸಿದ ಕೆಮ್ಮಿನ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷದ ಡ್ರಮ್ಮುಗಳು ಚೀನಾದಿಂದ ಹೊರಟು, ಸ್ಪೇನ್ ದೇಶದ ವ್ಯಾಪಾರಿಯ ಕೈ ದಾಟಿ ಪನಾಮಾಕ್ಕೆ ಬಂದಿದ್ದವು. ಕೈ ಬದಲಾದಂತೆ ಪತ್ರದ ಮೇಲಿನ ಹೆಸರೂ ಬದಲಾಯಿತು. ಚೀನಾದಲ್ಲಿ ಅದರ ಹೆಸರು "ಟಿ.ಡಿ. ಗ್ಲಿಸರಿನ್". ಟಿ.ಡಿ. ಅಂದರೆ ಚೀನೀ ಭಾಷೆಯಲ್ಲಿ ಬದಲಿ ಸರಕು ಎನ್ನುವ ಪದದ ಗಿಡ್ಡ ರೂಪ! ಆ ಎರಡಕ್ಷರದ ಅರ್ಥ ಪತ್ತೆ ಮಾಡಿ ಡ್ರಮ್ಮು ತಡೆದವರು ದಾರಿಯುದ್ದಕ್ಕೂ ಒಬ್ಬರೂ ಇರಲಿಲ್ಲ.

ಮರುವರ್ಷ, 2007ರಲ್ಲಿ, ಅದೇ ಪನಾಮಾದ ಒಂದು ಅಂಗಡಿಯಲ್ಲಿ ಸಾಮಾನ್ಯ ನೌಕರನೊಬ್ಬ ಅಗ್ಗದ ಟೂತ್‌ಪೇಸ್ಟ್ ಕೈಗೆತ್ತಿಕೊಂಡ. ಮೇಲಿದ್ದ ಸಣ್ಣ ಅಕ್ಷರ ಓದಿದ. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂದಿತ್ತು. ಸಾವಿನ ಸುದ್ದಿಯಲ್ಲಿ ಕೇಳಿದ ಪದ! ಒಂದು ಪೇಸ್ಟ್ ಕೊಂಡು ಸರಕಾರಿ ಕಚೇರಿಗೆ ಹೋದ. ಅಲ್ಲಿಂದ ಇನ್ನೊಂದು ಕಚೇರಿಗೆ ಕಳಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಅವನು ಬಿಡಲಿಲ್ಲ. ಕೊನೆಗೆ ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಆ ಬಗೆಯ ಪೇಸ್ಟ್ ಸಿಕ್ಕಿತು, ಅಂಗಡಿಗಳಿಂದ ಹೊರಹೋಯಿತು.

ಅವನು ಡಾಕ್ಟರಲ್ಲ, ವಿಜ್ಞಾನಿಯಲ್ಲ. ಓದಿದ, ಅಷ್ಟೇ. ಓದಿದ್ದಕ್ಕೆ ಸುಮ್ಮನಿರಲಿಲ್ಲ. ನಮ್ಮ ಡಿಟಿಪಿ ಹುಡುಗಿಯೂ ಅದನ್ನೇ ಮಾಡಿದ್ದು.

ಹೊಲದ ವಿಷಕ್ಕೆ ಕನ್ನಡ, ಮಗುವಿನ ಮದ್ದಿಗೆ?

ಓದಬೇಕಾದರೆ ಓದುವಂತಿರಬೇಕಲ್ಲವೇ? ನಿಮ್ಮ ಮನೆಯ ಔಷಧದ ಬಾಟಲಿ ತೆಗೆದು ನೋಡಿ. ಆರು ಪಾಯಿಂಟಿಗಿಂತ ಸಣ್ಣ ಅಕ್ಷರ, ಇಂಗ್ಲಿಷಿನಲ್ಲಿ. 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಂದು ಆದೇಶ ಹೊರಡಿಸಿದರು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗೆಂದು ಲೇಬಲ್ಲಿನ ಮೇಲೆ ಅಚ್ಚು ಹಾಕಬೇಕು ಎಂದು. ಒಳ್ಳೆಯ ಆದೇಶ. ಆದರೆ ಆ ಸಾಲು ಯಾರಿಗಾಗಿ? ಚಮಚ ಹಿಡಿಯುವ ತಾಯಿಗಾಗಿ ತಾನೇ? ರಾಯಚೂರಿನ ತಾಯಿ, ಚಾಮರಾಜನಗರದ ಅಜ್ಜಿ ಅದನ್ನು ಯಾವ ಭಾಷೆಯಲ್ಲಿ ಓದಬೇಕು?

ಇನ್ನೊಂದು ಸಂಗತಿ ಕೇಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಹೊಲಕ್ಕೆ ಹೊಡೆಯುವ ವಿಷದ ಡಬ್ಬಿಯ ಲೇಬಲ್ಲು ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕು. ಹುಳ ಕೊಲ್ಲುವ ವಿಷಕ್ಕೆ ಜನರ ಭಾಷೆ ಬೇಕು ಎಂದು ಐವತ್ತು ವರ್ಷದ ಹಿಂದೆಯೇ ಒಪ್ಪಿಕೊಂಡವರು, ಮಗುವಿಗೆ ಕುಡಿಸುವ ಮದ್ದಿಗೆ ಅದೇ ಕಡ್ಡಾಯವನ್ನು ಯಾಕೆ ತರಲಿಲ್ಲ? ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕು ಎನ್ನುತ್ತದೆ. ಹೊರಗಿಂದ ಬಂದು ನಮ್ಮ ಅಂಗಡಿಗಳಲ್ಲಿ ಕೂರುವ ಔಷಧದ ಗತಿ ಏನು?

ಕನ್ನಡದಲ್ಲಿ ಅಚ್ಚು ಹಾಕಿದರೆ ವಿಷ ಅಮೃತ ಆಗುವುದಿಲ್ಲ. ಅದು ನನಗೂ ಗೊತ್ತು. ಕೋಲ್ಡ್‌ರಿಫ್ ಬಾಟಲಿಯ ಮೇಲೆ ವಿಷವಿದೆ ಎಂದು ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಅದನ್ನು ತಡೆಯುವುದು ಪರೀಕ್ಷೆಯ ಕೆಲಸ, ಸರಕಾರದ ಕೆಲಸ. ಆದರೆ ಇಂಥ ಬ್ಯಾಚ್ ಕೆಟ್ಟಿದೆ ಎಂಬ ಎಚ್ಚರಿಕೆ ಬಂದ ದಿನ ಮನೆಯಲ್ಲಿರುವ ಬಾಟಲಿ ಎತ್ತಿ ಹೋಲಿಸಿ ನೋಡುವುದು ತಾಯಿಯ ಕೆಲಸ. ಅವಳಿಗೆ ಬ್ಯಾಚ್ ನಂಬರು ಎಲ್ಲಿದೆ, ಅವಧಿ ಯಾವತ್ತಿಗೆ ಎನ್ನುವುದು ತಿಳಿಯದಿದ್ದರೆ ಎಚ್ಚರಿಕೆ ಕೊಟ್ಟು ಏನು ಫಲ?

ನಾಳೆಯಿಂದ ಏನು ಮಾಡುತ್ತೀರಿ?

ಚಪ್ಪಾಳೆ ಬೇಡ. ಕೆಲಸ ಹೇಳುತ್ತೇನೆ.

ಔಷಧ ಕೊಂಡರೆ ಬಿಲ್ ಕೇಳಿ. ಬಿಲ್ಲಿನಲ್ಲಿರುವ ಬ್ಯಾಚ್ ನಂಬರೂ ಬಾಟಲಿಯ ಬ್ಯಾಚ್ ನಂಬರೂ ಒಂದೇ ಇದೆಯೇ ನೋಡಿ. ಲೈಸೆನ್ಸ್ ನಂಬರು, ಕಂಪನಿಯ ವಿಳಾಸ, ತಾರೀಖು ಇಲ್ಲದ ಬಾಟಲಿ ಮುಟ್ಟಬೇಡಿ. ತಾರೀಖಿನ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಅಲ್ಲೇ ನಿಲ್ಲಿ, ಕೇಳಿ. 2023ರ ಆಗಸ್ಟಿನಿಂದ 300 ಹೆಸರಾಂತ ಔಷಧಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯ. ಎಲ್ಲರ ಕೈಯಲ್ಲೂ ಮೊಬೈಲಿದೆ, ಸ್ಕ್ಯಾನ್ ಮಾಡಿ. ಆದರೆ ಆ ಚೌಕವನ್ನೂ ನನ್ನಂಥವನೇ ಅಚ್ಚು ಹಾಕುವುದು ಎನ್ನುವುದು ನೆನಪಿರಲಿ. ಮೊಬೈಲಿನಲ್ಲಿ ಬಂದ ಬ್ಯಾಚ್ ನಂಬರು ಬಾಟಲಿಗೆ ಹೊಂದುತ್ತದೆಯೇ ಅಂತಲೂ ನೋಡಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡ ಎಂದು 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದಿದೆ. ಇದನ್ನು ನಿಮ್ಮ ಅಕ್ಕಂದಿರಿಗೆ, ಅತ್ತಿಗೆಯರಿಗೆ ಹೇಳಿ. ಸಿರಪ್ ಕುಡಿದ ಮಗು ಮೂತ್ರ ಮಾಡುವುದು ಕಡಿಮೆಯಾದರೆ ಒಂದು ಗಂಟೆಯೂ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಓಡಿ, ಬಾಟಲಿಯನ್ನೂ ಹಿಡಿದುಕೊಂಡು ಓಡಿ. ಬಾಟಲಿ ಎಸೆದರೆ ಸಾಕ್ಷಿ ಹೋಯಿತು!

ಅನುಮಾನ ಬಂದ ಔಷಧವನ್ನು ನಾವೇ ಪರೀಕ್ಷೆಗೆ ಕೊಡಬಹುದು. ಕೊಂಡವನು ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ವರದಿ ಪಡೆಯುವ ಹಕ್ಕು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮಿನಲ್ಲಿದೆ. ಈ ಸಭೆಯಲ್ಲಿ ಇದು ಎಷ್ಟು ಜನರಿಗೆ ಗೊತ್ತಿತ್ತು? ನೋಡಿ, ಒಂದು ಕೈಯೂ ಮೇಲೇಳಲಿಲ್ಲ. ಅದೇ ಕಾಯ್ದೆಯಲ್ಲಿ, ನಕಲಿ ಅಥವಾ ಕಲಬೆರಕೆ ಔಷಧದಿಂದ ಜೀವ ಹೋದರೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ಕಾನೂನು ಇದೆ. ದೂರು ಕೊಡುವವರಿಲ್ಲ.

ಸಂಘದ ಕಡೆಯಿಂದ ಒಂದು ಮನವಿ ಬರೆಯಿರಿ. ಕರ್ನಾಟಕದಲ್ಲಿ ಮಾರುವ ಪ್ರತಿ ಔಷಧದ ಮೇಲೆ ಮೂರು ಸಂಗತಿ ಕನ್ನಡದಲ್ಲಿ ಇರಲಿ: ಯಾರಿಗೆ ಕೊಡಬಾರದು, ಎಷ್ಟು ಕೊಡಬೇಕು, ಯಾವ ತಾರೀಖಿನವರೆಗೆ. ಜಾಗ ಇಲ್ಲ ಎನ್ನುತ್ತಾರೆ. ಜಾಗ ಮಾಡಿಕೊಡುವುದು ಹೇಗೆಂದು ನಾನು ತೋರಿಸುತ್ತೇನೆ! ಮನವಿಯನ್ನು ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿಕೊಡುತ್ತೇನೆ. ಕಾಗದವೂ ನನ್ನದೇ.

ಇನ್ನು ನನ್ನ ಪಾಲು. ಲೈಸೆನ್ಸ್ ಪ್ರತಿ, ಕಂಪನಿಯ ಪತ್ರ ಇಲ್ಲದೆ ಔಷಧದ ಲೇಬಲ್, ಪೆಟ್ಟಿಗೆ ಯಾವುದನ್ನೂ ನಾನು ಮುಟ್ಟುವುದಿಲ್ಲ. ಅಚ್ಚು ಕೆಟ್ಟ ಹಾಳೆಗಳನ್ನು ರದ್ದಿಗೆ ಹಾಕುವುದಿಲ್ಲ, ಎಣಿಸಿ ಕತ್ತರಿಸುತ್ತೇನೆ. ಯಾಕೆಂದರೆ ರದ್ದಿಯವನ ಅಂಗಡಿಯಿಂದ ನಕಲಿ ಬಾಟಲಿಗೆ ದೂರ ಬಹಳ ಇಲ್ಲ. ಅಂಥ ಗಿರಾಕಿ ಮತ್ತೆ ಬಂದರೆ ಈ ಸಲ ಸುಮ್ಮನಿರುವುದಿಲ್ಲ, ಡ್ರಗ್ ಇನ್‌ಸ್ಪೆಕ್ಟರಿಗೆ ತಿಳಿಸುತ್ತೇನೆ. ನಮ್ಮ ಬೀದಿಯ ಉಳಿದ ಪ್ರೆಸ್ಸಿನವರಿಗೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಒಬ್ಬರು "ಹೊಟ್ಟೆಪಾಡು ಸ್ವಾಮಿ" ಎಂದರು. ನಾನೂ ಒಂದು ಕಾಲದಲ್ಲಿ ಅದನ್ನೇ ಹೇಳಿದವನು. ಅವರ ಮೇಲೆ ಸಿಟ್ಟಿಲ್ಲ, ಮತ್ತೆ ಹೋಗಿ ಹೇಳುತ್ತೇನೆ.

ಆ ಹುಡುಗಿಗೆ ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಅವಳ ಮದುವೆಯ ಲಗ್ನಪತ್ರಿಕೆ ನಾನೇ ಅಚ್ಚು ಹಾಕಿಕೊಟ್ಟೆ. ಪ್ರೂಫನ್ನು ನಾಲ್ಕು ಸಲ ಓದಿದೆ.

ನೀವೂ ಓದಿ.